ಹವಳ ಸತ್ತರೆ ಮೀನು ಬೇರೆ ಕಡೆ ಹೋಗಲ್ವಾ?

ಪ್ರಶ್ನೆ: ಶಿವಮೊಗ್ಗ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. 2024ರ ಮೇ ಮೊದಲ ವಾರ ಮನೆಯವರೆಲ್ಲ ಲಕ್ಷದ್ವೀಪದ ಅಗತ್ತಿಗೆ ಹೋಗಿದ್ದೆವು. ಸ್ನಾರ್ಕೆಲಿಂಗ್ ಮಾಡುವಾಗ ಕೆಳಗಿನ ಹವಳವೆಲ್ಲ ಹಾಲಿನಂತೆ ಬೆಳ್ಳಗಿತ್ತು, ಅಲ್ಲಲ್ಲಿ ನೇರಳೆ, ನೀಲಿ ಹೊಳಪು. ಎಷ್ಟು ಚೆಂದ ಎಂದುಕೊಂಡು ಫೋಟೋ ತೆಗೆದೆವು. ದೋಣಿ ಹತ್ತಿದ ಮೇಲೆ ನಮ್ಮ ಜೊತೆ ಬಂದಿದ್ದ ಸ್ಥಳೀಯ ಹುಡುಗ, “ಅದು ಸಾಯ್ತಾ ಇದೆ ಮೇಡಂ” ಅಂದ. ಅಂದಿನಿಂದ ಮನಸ್ಸು ಸರಿಯಿಲ್ಲ. ನಾವು ಹಚ್ಚಿಕೊಂಡಿದ್ದ ಸನ್‌ಸ್ಕ್ರೀನ್‌ನಿಂದಲೂ ಹವಳ ಸಾಯುತ್ತದಂತೆ, ನಿಜವೆ? ಹನ್ನೊಂದು ವರ್ಷದ ಮಗಳು, “ಮೀನು ಬೇಕಾದಷ್ಟಿತ್ತಲ್ಲ ಅಮ್ಮ, ಹವಳ ಸತ್ತರೆ ಅವು ಬೇರೆ ಕಡೆ ಹೋಗಲ್ವಾ?” ಎನ್ನುತ್ತಾಳೆ. ನನಗೆ ಉತ್ತರ ತೋಚಲಿಲ್ಲ. ದುಡ್ಡು ಕೊಟ್ಟರೆ ನಮ್ಮ ಹೆಸರಿನಲ್ಲಿ ಹವಳದ ತುಂಡು ನೆಡುತ್ತೇವೆ ಎಂಬ ಜಾಹೀರಾತು ನೋಡಿದೆ, ಕೊಡಬಹುದೆ? ಮತ್ತೊಮ್ಮೆ ಅಲ್ಲಿಗೆ ಹೋಗುವುದು ತಪ್ಪೆ? ಕೊನೆಯದಾಗಿ, ಮಗಳು ದಂಡೆಯಿಂದ ಹೆಕ್ಕಿ ತಂದ ಒಂದು ಹವಳದ ತುಂಡು ನಮ್ಮ ಶೋಕೇಸಿನಲ್ಲಿದೆ. ಅದರ ಫೋಟೋ ಜೊತೆಗಿಟ್ಟಿದ್ದೇನೆ.

ಉತ್ತರ: ಹಲವು ಪ್ರಶ್ನೆ ಕೇಳಿದ್ದೀರಿ. ಅವುಗಳಲ್ಲಿ ಕಷ್ಟದ್ದು ನಿಮ್ಮ ಮಗಳದು. ಮೂವತ್ತು ವರ್ಷಗಳಿಂದ ಹವಳದ ದಿಬ್ಬಗಳಲ್ಲಿ, ಅಂದರೆ ಹವಳಗಳ ಸುಣ್ಣ ಪೇರಿಕೊಂಡು ನೀರಿನಡಿ ಎದ್ದ ರೀಫ್‌ಗಳಲ್ಲಿ, ಟೇಪು ಹಿಡಿದು ಮುಳುಗುತ್ತಿರುವ ನನಗೂ ಅದಕ್ಕೆ ಒಂದೇ ವಾಕ್ಯದಲ್ಲಿ ಉತ್ತರ ಹೇಳಲು ಬಾರದು. ಹಾಗಾಗಿ ಸುಲಭದ್ದನ್ನು ಮೊದಲು ಮುಗಿಸಿ ಆಮೇಲೆ ಅಲ್ಲಿಗೆ ಬರುತ್ತೇನೆ.

ನೀವು ಕಂಡದ್ದು ಬ್ಲೀಚಿಂಗ್. ಬೆಳ್ಳಗಾದ ಹವಳ ಸತ್ತ ಹವಳವಲ್ಲ. ಇದನ್ನು ಮನಸ್ಸಿಗೆ ತಂದುಕೊಳ್ಳಲು ಹವಳ ಏನೆಂಬುದು ಸ್ಪಷ್ಟವಾಗಬೇಕು. ಅದು ಕಲ್ಲೂ ಅಲ್ಲ, ಗಿಡವೂ ಅಲ್ಲ. ಅಕ್ಕಿಕಾಳಿನಿಂದ ಕಡಲೆಕಾಳಿನಷ್ಟಿರುವ ಸಾವಿರಾರು ಪುಟ್ಟ ಪ್ರಾಣಿಗಳು ಒಂದೇ ಚರ್ಮ ಹೊದ್ದು ಕೂತ ಒಟ್ಟು ಕುಟುಂಬ. ಒಂದೊಂದಕ್ಕೂ ಪಾಲಿಪ್ ಎನ್ನುತ್ತೇವೆ: ಒಂದು ಬಾಯಿ, ಸುತ್ತ ಬಳ್ಳಿಯಂಥ ಕೈಗಳು, ಕೆಳಗೆ ತಾನೇ ಕಟ್ಟಿಕೊಂಡ ಸುಣ್ಣದ ಬಟ್ಟಲು. ಆ ಚರ್ಮದೊಳಗೆ ಬರಿಗಣ್ಣಿಗೆ ಕಾಣದ ಪಾಚಿ ಬಿಡಾರ ಹೂಡಿರುತ್ತದೆ. ಬಿಸಿಲಲ್ಲಿ ಅಡುಗೆ ಮಾಡುವುದು ಪಾಚಿ, ಉಣ್ಣುವುದು ಇಬ್ಬರೂ. ಹವಳಕ್ಕೆ ಬೇಕಾದ ಶಕ್ತಿಯಲ್ಲಿ ಶೇ. 90ರವರೆಗೂ ಹೀಗೆ ಬರುತ್ತದೆ. ನಾವು ಹವಳದ್ದೆಂದು ಮೆಚ್ಚುವ ಕಂದು, ಹಸಿರು ಬಣ್ಣಗಳಲ್ಲಿ ಹೆಚ್ಚಿನವು ಈ ಬಾಡಿಗೆದಾರನವು.

ಒಂದು ಜಾಗದ ಬೇಸಿಗೆಯಲ್ಲಿ ನೀರು ಸಾಮಾನ್ಯವಾಗಿ ಎಷ್ಟು ಬೆಚ್ಚಗಿರುತ್ತದೋ ಅದಕ್ಕಿಂತ ಒಂದೇ ಒಂದು ಡಿಗ್ರಿ ಹೆಚ್ಚಾಗಿ, ಕೆಲವು ವಾರ ಹಾಗೇ ನಿಂತರೆ ಈ ಸಂಸಾರ ಮುರಿಯುತ್ತದೆ. ಬಿಸಿ ಮತ್ತು ಬಿಸಿಲು ಸೇರಿದಾಗ ಪಾಚಿಯ ಅಡುಗೆಮನೆ ಕೆಟ್ಟು, ಅಲ್ಲಿಂದ ಆಹಾರದ ಬದಲು ಜೀವಕೋಶಗಳನ್ನು ಸುಡುವ ಆಮ್ಲಜನಕದ ಉಗ್ರ ರೂಪಗಳು ಹೊರಬರುತ್ತವೆ. ಹವಳ ಪಾಚಿಯನ್ನು ಹೊರದಬ್ಬುತ್ತದೆ. ಬಣ್ಣ ಹೋಗಿ ಗಾಜಿನಂಥ ಚರ್ಮ ಉಳಿಯುತ್ತದೆ, ಅದರಡಿಯ ಬಿಳಿ ಸುಣ್ಣ ಕಾಣುತ್ತದೆ. ನೀವು ನೋಡಿದ ಹಾಲಿನ ಬಿಳುಪು ಇದು. ಪ್ರಾಣಿ ಬದುಕಿದೆ, ಉಪವಾಸ ಬಿದ್ದಿದೆ. ನೀರು ಬೇಗ ತಣಿದರೆ ಉಳಿದ ಪಾಚಿ ಮತ್ತೆ ಬೆಳೆದು ಚೇತರಿಸಿಕೊಳ್ಳಬಹುದು. ವಾರಗಳು ಎಳೆದರೆ ಸಾಯುತ್ತದೆ. ಸತ್ತದ್ದಕ್ಕೆ ಗುರುತು ಬಿಳುಪಲ್ಲ: ಕೆಲವೇ ದಿನಗಳಲ್ಲಿ ಅದರ ಮೇಲೆ ಹಸಿರು-ಕಂದು ನವಿರು ಪಾಚಿ, ಬಾವಿಕಟ್ಟೆಯ ಮೇಲೆ ಹತ್ತಿದ ಹಾಗೆ, ಹತ್ತಿಕೊಳ್ಳುತ್ತದೆ. ಫೋಟೋದಲ್ಲಿ ಅದು ಚೆಂದ ಕಾಣುವುದಿಲ್ಲವಾದ್ದರಿಂದ ಯಾರೂ ತೆಗೆಯುವುದಿಲ್ಲ.

ನೇರಳೆ ಹೊಳಪಿನ ವಿಷಯ. ಕೆಲವು ಹವಳಗಳು ಪಾಚಿ ಕಳೆದುಕೊಂಡಾಗ ಬಿಸಿಲಿನಿಂದ ತಮ್ಮ ಚರ್ಮ ಕಾಯಲು ಹೊಳೆಯುವ ವರ್ಣದ್ರವ್ಯವನ್ನು ಹೆಚ್ಚು ಹೆಚ್ಚು ತಯಾರಿಸುತ್ತವೆ. ನೆರಳಾದರೆ ಪಾಚಿಗೂ ಮರಳಿ ಬರಲು ಅನುಕೂಲ. ನಿಮ್ಮ ಕಣ್ಣಿಗೆ ಹಬ್ಬದ ದೀಪವಾಗಿ ಕಂಡದ್ದು ಅದರ ಪಾಲಿಗೆ ಆಪತ್ತಿನ ಕೊಡೆ. ನಿಮಗೆ ಚೆಂದ ಕಂಡಿದ್ದಕ್ಕೆ ತಪ್ಪಿತಸ್ಥ ಭಾವ ಬೇಡ. ಮೊದಲ ಸಲ ಬ್ಲೀಚಿಂಗ್ ನೋಡಿದಾಗ ನನಗೂ ಚೆಂದವೇ ಕಂಡಿತ್ತು.

ಆ ಹುಡುಗ ಸುಳ್ಳು ಹೇಳಲಿಲ್ಲ. 2023ರ ಅಕ್ಟೋಬರ್ ಕೊನೆಯಿಂದಲೇ ಲಕ್ಷದ್ವೀಪದ ಸುತ್ತಲ ಸಮುದ್ರ ವಾಡಿಕೆಗಿಂತ ಬಿಸಿಯಾಗಿತ್ತು. 2024ರ ಏಪ್ರಿಲ್ 15ರಂದು ಅಂತರರಾಷ್ಟ್ರೀಯ ಸಂಸ್ಥೆಗಳು ಜಗತ್ತಿನ ನಾಲ್ಕನೇ ಜಾಗತಿಕ ಬ್ಲೀಚಿಂಗ್ ನಡೆಯುತ್ತಿದೆ ಎಂದು ಘೋಷಿಸಿದವು. ನೀವು ಹೋದದ್ದು ಅದಾದ ಮೂರು ವಾರಕ್ಕೆ.

ಸನ್‌ಸ್ಕ್ರೀನ್: ಇದರ ಬಗ್ಗೆ ಅರ್ಧ ನಿಜ, ಅರ್ಧ ಗುಲ್ಲು. ಆಕ್ಸಿಬೆನ್ಝೋನ್ ಎಂಬ ರಾಸಾಯನಿಕ ಪ್ರಯೋಗಾಲಯದ ಗಾಜಿನ ಪಾತ್ರೆಯಲ್ಲಿ ಹವಳದ ಮರಿಗಳಿಗೆ ಕೇಡು ಮಾಡಿದ್ದು ಹೌದು. ಹವಾಯಿ ರಾಜ್ಯ 2021ರ ಜನವರಿಯಿಂದ ಅದಿರುವ ಸನ್‌ಸ್ಕ್ರೀನ್ ಮಾರಾಟವನ್ನೇ ನಿಲ್ಲಿಸಿತು. ಆದರೆ ತೆರೆದ ಸಮುದ್ರದಲ್ಲಿ ಅಳೆದಾಗ ಸಿಗುವ ಪ್ರಮಾಣ ಸಾಮಾನ್ಯವಾಗಿ ಆ ಪ್ರಯೋಗಗಳದ್ದಕ್ಕಿಂತ ಬಹಳ ಕಡಿಮೆ. ಸಾವಿರಾರು ಜನ ಒಂದೇ ಪುಟ್ಟ ಕೊಲ್ಲಿಯಲ್ಲಿ ದಿನಾ ಇಳಿಯುವ ಕಡೆ ಅದು ಚಿಂತೆಯ ವಿಷಯ. ನಿಮ್ಮ ಮನೆಯ ನಾಲ್ವರಿಂದ ಅಗತ್ತಿ ಬಿಳಿಚಲಿಲ್ಲ. ಮೈತುಂಬ ತೋಳಿನ ಈಜುಡುಗೆ ತೊಟ್ಟರೆ ಸನ್‌ಸ್ಕ್ರೀನ್ ಮುಖಕ್ಕೆ, ಕತ್ತಿಗೆ ಮಾತ್ರ ಸಾಕು, ಬೆನ್ನೂ ಸುಡುವುದಿಲ್ಲ. ‘ಹವಳಸ್ನೇಹಿ’ ಎಂದು ಬರೆದ ದುಬಾರಿ ಟ್ಯೂಬುಗಳಿಗೆ ಮರುಳಾಗಬೇಡಿ. ಆ ಮಾತಿಗೆ ಎಲ್ಲರೂ ಒಪ್ಪಿದ ಅಳತೆಗೋಲು ಯಾವುದೂ ಇಲ್ಲ.

ಇನ್ನು ನಿಮ್ಮ ಮಗಳ ಪ್ರಶ್ನೆ.

ಅವಳು ನೋಡಿದ್ದು ಸರಿಯಾಗಿದೆ. ಬ್ಲೀಚಿಂಗ್ ಆದ ದಿಬ್ಬದಲ್ಲಿ ಮೀನು ಧಾರಾಳ ಇರುತ್ತದೆ. ಹವಳ ಸತ್ತ ಮೊದಲ ಒಂದೆರಡು ವರ್ಷ ಪಾಚಿ ಮೇಯುವ ಮೀನುಗಳು ಮೊದಲಿಗಿಂತ ಹೆಚ್ಚೂ ಆಗಬಹುದು, ಮೇವು ಹೆಚ್ಚಾಯಿತಲ್ಲ. ಹವಳವನ್ನೇ ತಿಂದು ಬದುಕುವ ಕೆಲವು ಚಿಟ್ಟೆಮೀನುಗಳಷ್ಟೇ ಬೇಗ ಕಾಣೆಯಾಗುತ್ತವೆ. ಇದನ್ನು ನೋಡಿ ಪ್ರವಾಸಿಗರಷ್ಟೇ ಅಲ್ಲ, ನಮ್ಮಂಥವರೂ ಮೋಸ ಹೋಗಿದ್ದೇವೆ. 1998ರ ಬಿಸಿಗೆ ಹಿಂದೂ ಮಹಾಸಾಗರದ ಸೆಶೆಲ್ಸ್ ದ್ವೀಪಗಳ ಒಳಭಾಗದ ದಿಬ್ಬಗಳು ಶೇ. 90ಕ್ಕೂ ಹೆಚ್ಚು ಹವಳ ಕಳೆದುಕೊಂಡವು. ಮೀನಿನ ಪೂರ್ತಿ ನಷ್ಟ ಕಂಡದ್ದು ಕೂಡಲೇ ಅಲ್ಲ, ಸತ್ತ ಹವಳದ ಅಸ್ಥಿಪಂಜರ ಕುಸಿದು ಜಲ್ಲಿಯಾದ ಮೇಲೆ. ಮನೆಯವರು ಸತ್ತರೂ ಮನೆ ಕೆಲವು ವರ್ಷ ನಿಂತಿರುತ್ತದೆ, ಬಾಡಿಗೆದಾರರು ಓಡಾಡಿಕೊಂಡಿರುತ್ತಾರೆ. ಗೋಡೆ ಬಿದ್ದ ದಿನ ನಿಜ ಗೊತ್ತಾಗುತ್ತದೆ.

ಆದರೆ ಮೀನಿನ ಕಥೆಯೂ ಈ ಉತ್ತರದ ಮುಖ್ಯ ಭಾಗವಲ್ಲ. ಕಣ್ಣಿಗೆ ಬೀಳುವ ಮೀನು, ಹವಳ ಎರಡನ್ನೂ ಸೇರಿಸಿದರೂ ದಿಬ್ಬದ ಜೀವಿಗಳಲ್ಲಿ ಅವು ಚಿಕ್ಕ ಪಾಲು. ಸಮುದ್ರತಳದಲ್ಲಿ ಶೇಕಡಾ ಒಂದಕ್ಕಿಂತ ಕಡಿಮೆ ಜಾಗದಲ್ಲಿರುವ ಹವಳದ ದಿಬ್ಬಗಳಲ್ಲಿ ಸಮುದ್ರದ ಜೀವಜಾತಿಗಳ ಕಾಲುಭಾಗ ಇದೆಯೆಂದು ಹೇಳುತ್ತಾರಲ್ಲ, ಆ ಕಾಲುಭಾಗದಲ್ಲಿ ಬಹುಪಾಲು ಇರುವುದು ನೀವು ಸ್ನಾರ್ಕೆಲ್ ಕನ್ನಡಕದಿಂದ ನೋಡಿಯೂ ಕಾಣದ ಕಡೆ, ಕಲ್ಲಿನ ಒಳಗೆ.

ವರ್ಷಗಳ ಹಿಂದೆ, ಅನುಮತಿ ಪಡೆದು, ಫುಟ್‌ಬಾಲಿನಷ್ಟು ದಪ್ಪದ ಒಂದು ಸತ್ತ ಹವಳದ ಗಡ್ಡೆಯನ್ನು ನೀರೊಳಗೇ ಬಕೆಟ್ಟಿನಲ್ಲಿ ಮುಚ್ಚಿ ಮೇಲೆ ತಂದೆವು. ಹೊರಗಿನಿಂದ ನೋಡಿದರೆ ತೋಟದ ಬೇಲಿಬದಿಯಲ್ಲಿ ಬಿದ್ದಿರುವ ಜಂಬಿಟ್ಟಿಗೆ ಚೂರು. ಸಂಜೆ ಐದಕ್ಕೆ ಸುತ್ತಿಗೆ, ಉಳಿ ಹಿಡಿದು ಒಡೆಯಲು ಕೂತವರು ಏಳುವಾಗ ಬೆಳಗಿನ ಬಾಂಗು ಕೇಳಿಸುತ್ತಿತ್ತು. ಒಂದೊಂದು ಚೂರು ಕಿತ್ತಾಗಲೂ ಏನಾದರೊಂದು ಹರಿದು ಬರುತ್ತಿತ್ತು: ಉಗುರಿನಷ್ಟು ಏಡಿಗಳು, ಗಾಜಿನಂಥ ಸೀಗಡಿ, ಚಿಟಿಕೆ ಹೊಡೆಯುವ ಸೀಗಡಿ, ಬಿರುಗೂದಲಿನ ಹುಳು, ಸುಣ್ಣದ ಕೊಳವೆಯ ಹುಳು, ದಾರದಂಥ ಕೈಗಳ ನಕ್ಷತ್ರಜೀವಿ, ಕಲ್ಲು ಕೊರೆದು ಒಳಗೇ ಸಿಕ್ಕಿಕೊಂಡ ಚಿಪ್ಪಿ, ಸ್ಪಂಜು ಎಂಬ ಕೇಸರಿ ಬಣ್ಣದ ಪ್ರಾಣಿ. ಹೆಸರು ಹೇಳಲು ಬಾರದವನ್ನು ಒಂದು ಬಟ್ಟಲಿಗೆ ಹಾಕುತ್ತಿದ್ದೆವು. ಕೊನೆಗೆ ತುಂಬಿದ್ದು ಆ ಬಟ್ಟಲೇ.

ನಮ್ಮದು ಒಂದು ರಾತ್ರಿಯ ಕೆಲಸ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನೇ ಮೂರು ಮಹಾಸಾಗರಗಳಲ್ಲಿ, ಡಿಎನ್‌ಎ ಪರೀಕ್ಷೆಯ ಸಮೇತ ಮಾಡಿತು. ಎಣಿಸಿದ್ದು ಏಡಿ-ಸೀಗಡಿ ಬಳಗವನ್ನು ಮಾತ್ರ. ಎಲ್ಲ ಕಡೆಯ ಮಾದರಿ ಒಟ್ಟು ಸೇರಿಸಿದರೆ 6.3 ಚದರ ಮೀಟರ್, ನಮ್ಮ ಊರಮನೆಯ ದೇವರ ಕೋಣೆಯಷ್ಟು ಜಾಗ. ಸಿಕ್ಕಿದ್ದು 525 ಜಾತಿ. ಅವುಗಳಲ್ಲಿ ಶೇ. 38ರಷ್ಟು ಒಂದೇ ಒಂದು ಸಲ ಕಂಡವು, ಶೇ. 81 ಒಂದೇ ಊರಿನಲ್ಲಿ ಸಿಕ್ಕವು, ಬೇರೆಲ್ಲೂ ಇಲ್ಲ. ಈ ಕೊನೆಯ ಎರಡು ಅಂಕಿಗಳನ್ನು ಮಗಳ ಪ್ರಶ್ನೆಯ ಪಕ್ಕ ಇಟ್ಟು ನೋಡಿ. ಒಂದು ದಿಬ್ಬ ಹೋದರೆ ಅದರಂಥದ್ದೇ ಇನ್ನೊಂದು ಕಡೆ ಇದೆ ಎಂದು ನೆಮ್ಮದಿಯಿಂದಿರಲು ಆಗುವುದಿಲ್ಲ.

“ಬೇರೆ ಕಡೆ ಹೋಗಲ್ವಾ?” ಹೂಕೋಸಿನ ಆಕಾರದ ಹವಳವೊಂದಿದೆ. ಅದರ ಕೊಂಬೆಗಳ ನಡುವೆ ಒಂದು ಜೋಡಿ ಪುಟ್ಟ ಏಡಿ ಸಂಸಾರ ಮಾಡುತ್ತದೆ. ಹವಳ ಸುರಿಸುವ ಲೋಳೆಯೇ ಅದಕ್ಕೆ ಊಟ. ಬಾಡಿಗೆಯಾಗಿ ಅದು ಕೊಂಬೆಯ ಮೇಲೆ ಕೂರುವ ಮಣ್ಣು ಗುಡಿಸುತ್ತದೆ. ಹವಳ ತಿನ್ನುವ ಮುಳ್ಳಿನ ನಕ್ಷತ್ರಮೀನು, ಏಡಿಗಿಂತ ನೂರು ಪಾಲು ದೊಡ್ಡದು, ಹತ್ತಿರ ಬಂದರೆ ಅದರ ಕಾಲು ಚಿವುಟಿ ಓಡಿಸುತ್ತದೆ. ಹವಳ ಬಿಳಿಚಿದಾಗ ಲೋಳೆ ಕಡಿಮೆಯಾಗುತ್ತದೆ, ಏಡಿ ಹಸಿಯುತ್ತದೆ. ಪಕ್ಕದ ಹವಳಕ್ಕೆ ಹೋಗೋಣವೆಂದರೆ ಅಲ್ಲಿ ಆಗಲೇ ಒಂದು ಜೋಡಿ ಇದೆ, ಒಳಗೆ ಬಿಡುವುದಿಲ್ಲ. ನಡುವಿನ ಬಯಲಿನಲ್ಲಿ ಮೀನು ಕಾದಿರುತ್ತದೆ.

ಇನ್ನೊಂದು, ಕಿರುಬೆರಳಿನಷ್ಟಿರುವ ಗೋಬಿ ಮೀನು. ಕವಲು ಹವಳದ ಕೆಲವೇ ಜಾತಿಗಳಲ್ಲಿ ಅದರ ವಾಸ. ವಿಷದ ಕಡಲಪಾಚಿ ಹವಳಕ್ಕೆ ತಾಗಿದರೆ ಹವಳ ನೀರಿಗೆ ಒಂದು ವಾಸನೆ ಬಿಡುತ್ತದೆ, ಕೆಲವೇ ನಿಮಿಷದಲ್ಲಿ ಗೋಬಿ ಬಂದು ಆ ಪಾಚಿಯನ್ನು ಕತ್ತರಿಸಿ ಹಾಕುತ್ತದೆ. ಇದನ್ನು 2012ರಲ್ಲಿ ಫಿಜಿಯ ಒಂದು ದಿಬ್ಬದಲ್ಲಿ ಪ್ರಯೋಗ ಮಾಡಿ ತೋರಿಸಿದರು. ಮಾಲೀಕ ಬಿಟ್ಟು ಬಾಡಿಗೆದಾರನಿಲ್ಲ, ಬಾಡಿಗೆದಾರ ಬಿಟ್ಟು ಮಾಲೀಕನಿಗೂ ನೆಮ್ಮದಿಯಿಲ್ಲ.

ಇಂಥ ಸಣ್ಣ ಮೀನುಗಳು ಆಯಸ್ಸಿನಲ್ಲೂ ಸಣ್ಣವು. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಒಂದು ಕುಬ್ಜ ಗೋಬಿಯ ಗರಿಷ್ಠ ಆಯುಷ್ಯ 59 ದಿನ, ಬೆನ್ನೆಲುಬಿರುವ ಪ್ರಾಣಿಗಳಲ್ಲೇ ಅತಿ ಕಡಿಮೆ ಎಂದು ದಾಖಲಾದದ್ದು. ಹುಟ್ಟಿ, ಬೆಳೆದು, ಮೊಟ್ಟೆಯಿಟ್ಟು, ಯಾರದೋ ಬಾಯಿಗೆ ಬೀಳುವುದು ಎಲ್ಲ ಎರಡು ತಿಂಗಳಲ್ಲಿ. ದಿಬ್ಬದಲ್ಲಿ ತಿನ್ನಲ್ಪಡುವ ಮೀನಿನ ತೂಕದಲ್ಲಿ ಸುಮಾರು ಶೇ. 60 ಇಂಥ ಅಡಗುಮೀನುಗಳದು ಎಂದು 2019ರ ಲೆಕ್ಕಾಚಾರವೊಂದು ಹೇಳುತ್ತದೆ. ನಿಮ್ಮ ಮಗಳಿಗೆ ಕಂಡ ಬಣ್ಣದ ಮೀನುಗಳು ಕಾಣದ ಮೀನುಗಳನ್ನು ಉಂಡು ಬದುಕಿದ್ದವು.

ಹವಳದ ಕಡಲಿನ ನೀರು ಸ್ಫಟಿಕದಂತೆ ತಿಳಿಯಾಗಿರುವುದಕ್ಕೆ ಕಾರಣ ಅದರಲ್ಲಿ ಗೊಬ್ಬರ ಇಲ್ಲದಿರುವುದು. ಪೋಷಕಾಂಶದ ಲೆಕ್ಕದಲ್ಲಿ ಅದು ಮರುಭೂಮಿ. ಅಲ್ಲಿ ಇಷ್ಟೊಂದು ಜೀವ ಹೇಗೆ? ಒಂದು ಉತ್ತರ ಆ ಸಂದುಗಳಲ್ಲಿರುವ ಸ್ಪಂಜುಗಳಲ್ಲಿದೆ. ಹವಳ, ಪಾಚಿಗಳಿಂದ ಸೋರಿ ನೀರಲ್ಲಿ ಕರಗಿದ ಸಕ್ಕರೆ, ಲೋಳೆಯನ್ನು ಅವು ಹೀರುತ್ತವೆ, ತಮ್ಮ ಹಳೆಯ ಜೀವಕೋಶಗಳನ್ನು ಸದಾ ಉದುರಿಸುತ್ತವೆ. ಆ ಉದುರನ್ನು ಹುಳು, ಏಡಿ ತಿನ್ನುತ್ತವೆ, ಅವನ್ನು ಮೀನು ತಿನ್ನುತ್ತದೆ. ಮಲೆನಾಡಿನವರಾದ ನಿಮಗೆ ಹಿತ್ತಲ ಗೊಬ್ಬರಗುಂಡಿಯ ಬಗ್ಗೆ ನಾನು ಹೇಳಬೇಕಾಗಿಲ್ಲ. ಇದು ಕತ್ತಲೆ ಸಂದಿನೊಳಗಿನ ಗೊಬ್ಬರಗುಂಡಿ. ಏನೂ ಹೊರಗೆ ಹೋಗದಂತೆ ನೋಡಿಕೊಳ್ಳುತ್ತದೆ. ಹವಳ ಕುಸಿದು ಸಂದುಗಳು ಮುಚ್ಚಿದರೆ ಈ ಸುತ್ತು ಕಡಿಯುತ್ತದೆ.

ಸದ್ದೂ ಹೋಗುತ್ತದೆ. ಆರೋಗ್ಯವಾಗಿರುವ ದಿಬ್ಬದ ಮೇಲೆ ತಲೆ ಮುಳುಗಿಸಿದರೆ ಒಗ್ಗರಣೆಗೆ ಹಾಕಿದ ಸಾಸಿವೆ ಸಿಡಿಯುವಂಥ ಚಟಪಟ ಕೇಳಿಸುತ್ತದೆ. ಆ ಸದ್ದು ಸಂದಿನೊಳಗಿನ ಚಿಟಿಕೆ ಸೀಗಡಿಗಳದು. ತೆರೆದ ಕಡಲಿನಲ್ಲಿ ತೇಲುತ್ತಿರುವ ಮೀನಿನ ಎಳೆಮರಿಗಳು ಈ ಸದ್ದಿನ ಜಾಡು ಹಿಡಿದು ನೆಲೆ ಹುಡುಕುತ್ತವೆ. ಹಾಳಾದ ದಿಬ್ಬ ಮೌನವಾಗುತ್ತದೆ, ಮರಿಗಳಿಗೆ ಅದು ಇದೆಯೆಂದೇ ತಿಳಿಯುವುದಿಲ್ಲ. ಮಗಳಿಗೆ ಹೀಗೆ ಹೇಳಬಹುದು: ದೊಡ್ಡ ಮೀನು ಸ್ವಲ್ಪ ದಿನ ಬೇರೆ ಕಡೆ ಹೋಗಬಹುದು ಪುಟ್ಟ, ಅಲ್ಲೂ ಬಿಸಿಯಾಗದಿದ್ದರೆ, ಆದರೆ ಮನೆಯೇ ತಾನಾಗಿರುವವರು ಎಲ್ಲಿಗೂ ಹೋಗಲಾರರು.

ಲಕ್ಷದ್ವೀಪದ ಬಗ್ಗೆ ಇಷ್ಟು ಖಚಿತವಾಗಿ ಮಾತಾಡಲು ಸಾಧ್ಯವಾಗುವುದಕ್ಕೆ ಒಂದು ಕಾರಣ ನಮ್ಮ ಮೈಸೂರಿನಲ್ಲಿದೆ. ಅಲ್ಲಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಸಂಶೋಧಕರು 1998ರ ಬ್ಲೀಚಿಂಗ್ ಕಾಲದಿಂದ ಅಗತ್ತಿ, ಕವರತ್ತಿ, ಕದ್ಮತ್ ದಿಬ್ಬಗಳಿಗೆ ಮತ್ತೆ ಮತ್ತೆ ಹೋಗಿ ಅಳೆಯುತ್ತಿದ್ದಾರೆ. ಅವರ ಲೆಕ್ಕದಲ್ಲಿ 1998ರಲ್ಲಿ ಶೇ. 37ರಷ್ಟಿದ್ದ ಜೀವಂತ ಹವಳದ ಹೊದಿಕೆ 2022ಕ್ಕೆ ಶೇ. 19. ಇಪ್ಪತ್ನಾಲ್ಕು ವರ್ಷಕ್ಕೆ ಅರ್ಧ. ದೊಡ್ಡ ಬಿಸಿ ಬಂದದ್ದು 1998, 2010, 2016ರಲ್ಲಿ. ಆಮೇಲೆ ನೀವು ಕಂಡ 2024. ಕುತೂಹಲದ ಸಂಗತಿಯೆಂದರೆ ಒಂದೊಂದು ಸಲವೂ ಸಾಯುವ ಪ್ರಮಾಣ ಸ್ವಲ್ಪ ಕಡಿಮೆಯಾಗುತ್ತ ಬಂದಿದೆ. ಗಟ್ಟಿಗರು ಉಳಿದಿದ್ದಾರೆ. ಆದರೆ ಚೇತರಿಕೆಯ ವೇಗವೂ ಇಳಿದಿದೆ, ಬ್ಲೀಚಿಂಗ್ ಇಲ್ಲದ ಆರು ವರ್ಷ ಕಳೆದ ಮೇಲಷ್ಟೇ ಅದು ಚುರುಕಾಗುತ್ತದೆ. ಎರಡು ಬಿಸಿಗಳ ನಡುವಿನ ಅಂತರ ನೋಡಿ: ಹನ್ನೆರಡು, ಆರು, ಎಂಟು. ಕಾಲಿಗೆ ಬಲ ಬಂದು ಎದ್ದು ನಿಲ್ಲುವಷ್ಟರಲ್ಲಿ ಮತ್ತೊಂದು ಏಟು. ನನ್ನನ್ನು ಕೇಳಿದರೆ ಹವಳದ ನಿಜವಾದ ಕೊರತೆ ಬಣ್ಣದ್ದಲ್ಲ, ಬಿಡುವಿನದು.

ಬಿಡುವು ಸಿಕ್ಕರೆ ಏನಾಗಬಹುದು ಎಂಬುದಕ್ಕೂ ಸೆಶೆಲ್ಸ್‌ನಲ್ಲೇ ಸಾಕ್ಷಿಯಿದೆ. ಅಲ್ಲಿ 1998ರ ನಂತರ ಗಮನಿಸಿದ 21 ದಿಬ್ಬಗಳಲ್ಲಿ 12 ಮತ್ತೆ ಹವಳದವಾದವು, 9 ಪಾಚಿಯ ಬಯಲಾದವು. ನೀರು ಆಳವಿದ್ದ, ಅಸ್ಥಿಪಂಜರ ಕುಸಿಯದೆ ನಿಂತ, ಪಾಚಿ ಮೇಯುವ ಮೀನುಗಳಿದ್ದ ಕಡೆ ಗೆಲುವು. ಅಂದರೆ ಸಾವು ಖಚಿತ ಎಂದು ಕೈಕಟ್ಟಿ ಕೂರುವುದು ಸುಳ್ಳು. ತಾನೇ ಸರಿಯಾಗುತ್ತದೆ, ಪ್ರಕೃತಿ ದೊಡ್ಡದು ಎನ್ನುವುದೂ ಅಷ್ಟೇ ಸುಳ್ಳು.

ಪಾಚಿ ಮೇಯುವವರಲ್ಲಿ ಮುಖ್ಯ ಗಿಳಿಮೀನು. ಕೊಕ್ಕಿನಂಥ ಹಲ್ಲಿನಿಂದ ಸತ್ತ ಹವಳದ ಮೇಲಿನ ಪಾಚಿಯನ್ನು ಸುಣ್ಣದ ಸಮೇತ ಕೆರೆದು ತಿಂದು, ಸುಣ್ಣವನ್ನು ಮರಳಾಗಿ ವಿಸರ್ಜಿಸುತ್ತದೆ. ಲಕ್ಷದ್ವೀಪದ ದಕ್ಷಿಣಕ್ಕಿರುವ ಮಾಲ್ದೀವ್ಸ್‌ನ ವಕ್ಕಾರು ದ್ವೀಪದಲ್ಲಿ ಹೊಸದಾಗಿ ಉಂಟಾಗುವ ಮರಳಿನಲ್ಲಿ ಶೇ. 85ಕ್ಕೂ ಹೆಚ್ಚು ಗಿಳಿಮೀನಿನ ಹೊಟ್ಟೆಯಿಂದ ಬಂದದ್ದೆಂದು ಲೆಕ್ಕ ಹಾಕಿದ್ದಾರೆ. ನೀವು ಬರಿಗಾಲಲ್ಲಿ ನಡೆದ ಆ ಬಿಳಿ ಮರಳಿನ ಪೂರ್ವಾಪರ ತರಗತಿಯಲ್ಲಿ ಹೇಳಿ ನೋಡಿ, ಹಿಂದಿನ ಬೆಂಚೂ ಎದ್ದು ಕೂರುತ್ತದೆ.

ಲಕ್ಷದ್ವೀಪದ ಜನ ತಲೆತಲಾಂತರದಿಂದ ಹೆಚ್ಚಾಗಿ ಹಿಡಿದದ್ದು ಹೊರಕಡಲಿನ ಟ್ಯೂನಾ, ಗಳುವಿಗೆ ಗಾಳ ಕಟ್ಟಿ, ಒಂದೊಂದಾಗಿ. ಅದಕ್ಕೆ ಬೇಕಾದ ಜೀವಂತ ಎರೆಮೀನನ್ನು ಮಾತ್ರ ಲಗೂನಿನಿಂದ (ದಿಬ್ಬದ ಒಳಗಿನ ಶಾಂತ ನೀರಿನಿಂದ), ಹವಳದ ಸಂದಿಯಿಂದ ಹಿಡಿಯುತ್ತಿದ್ದರು. ಗಿಳಿಮೀನಿಗೆ ಇದರಿಂದ ರಕ್ಷಣೆ ಸಿಕ್ಕಿತ್ತು. ಈಚೆಗೆ ದಿಬ್ಬದ ಮೀನಿಗೂ ಹೊರಗಿನ ಮಾರುಕಟ್ಟೆ ಹುಟ್ಟಿಕೊಂಡಿದೆ, ಅದು ನನಗೆ ಸನ್‌ಸ್ಕ್ರೀನ್‌ಗಿಂತ ನೂರು ಪಾಲು ಹೆಚ್ಚಿನ ಚಿಂತೆ. ನಾವು ಕನ್ನಡದವರು ಇದನ್ನು ಯಾರದೋ ದ್ವೀಪದ ಸಮಾಚಾರ ಎನ್ನುವ ಹಾಗೂ ಇಲ್ಲ. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು 1956ರವರೆಗೆ ಆಡಳಿತದಲ್ಲಿ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿನ ತೆಂಗಿನ ನಾರು ಹಾಯಿಹಡಗಿನಲ್ಲಿ ಮಂಗಳೂರಿಗೆ ಬರುತ್ತಿತ್ತು. ಆ ದ್ವೀಪಗಳು ಸಮುದ್ರಮಟ್ಟದಿಂದ ಒಂದೆರಡು ಮೀಟರ್ ಎತ್ತರ, ಅಷ್ಟೇ. ದಿಬ್ಬವೊಂದು ಅಲೆಯ ಶಕ್ತಿಯಲ್ಲಿ ಸರಾಸರಿ ಶೇ. 97ರಷ್ಟನ್ನು ದಂಡೆ ತಲುಪುವ ಮುನ್ನ ಮುರಿಯುತ್ತದೆ. ದಿಬ್ಬ ಸವೆದರೆ ಅಲೆ ಅಂಗಳಕ್ಕೆ ಬರುತ್ತದೆ. ಬಂಗಾರಂ ಬಳಿಯ ಪರಳಿ ಎಂಬ ನಿರ್ಜನ ಕಿರುದ್ವೀಪವೊಂದು ಆಗಲೇ ಸವೆದು ಇಲ್ಲವಾಗಿದೆ.

ಈಗ ನಿಮ್ಮ ದುಡ್ಡಿನ ಪ್ರಶ್ನೆ. ಹವಳದ ತುಂಡು ನೆಡುವುದು ಮೋಸವಲ್ಲ. ಹಡಗು ಉಜ್ಜಿದ, ಲಂಗರು ಬಿದ್ದು ಒಡೆದ ಚಿಕ್ಕ ಜಾಗಕ್ಕೆ ಅದು ಒಳ್ಳೆಯ ಚಿಕಿತ್ಸೆ. ತಾಪತ್ರಯ ಎಲ್ಲಿ ಎಂದರೆ, ನೆಡಲು ಸಾಮಾನ್ಯವಾಗಿ ಆರಿಸುವುದು ಬೇಗ ಬೆಳೆಯುವ ಕವಲು ಹವಳ, ವರ್ಷಕ್ಕೆ ಹತ್ತು ಸೆಂಟಿಮೀಟರ್‌ವರೆಗೂ ಚಾಚುತ್ತದೆ, ಫೋಟೋಗೂ ಚೆನ್ನ. ಬಿಸಿಗೆ ಮೊದಲು ಸಾಯುವುದೂ ಅದೇ. ವರ್ಷಕ್ಕೆ ಒಂದು ಸೆಂಟಿಮೀಟರ್ ಬೆಳೆಯುವ ಗುಂಡು ಹವಳ ಬಿಸಿಯನ್ನು ಹೆಚ್ಚು ತಡೆಯುತ್ತದೆ, ಆದರೆ ಅದರ ಮುಂದೆ ನಿಮ್ಮ ಹೆಸರಿನ ಫಲಕ ಇಟ್ಟು ಮುಂದಿನ ವರ್ಷದ ‘ಪ್ರಗತಿ’ ತೋರಿಸುವುದು ಯಾರಿಗೂ ಲಾಭದ ಕೆಲಸವಲ್ಲ. 2023ರ ಬೇಸಿಗೆಯಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ವರ್ಷಗಟ್ಟಲೆ ಸಾಕಿದ ಹವಳದ ಸಸಿಗಳನ್ನು ಸಮುದ್ರದಿಂದ ಎತ್ತಿ, ದಡದ ತೊಟ್ಟಿಗಳಿಗೆ ಸಾಗಿಸಬೇಕಾಯಿತು. ದುಡ್ಡು, ಪರಿಣತಿ ಎರಡೂ ಹೇರಳವಾಗಿರುವ ಕಡೆಯ ಮಾತು ಇದು. ಹಾಗಾಗಿ ಕೊಡುವ ಮೊದಲು ಕೇಳಿ: ಐದು ವರ್ಷದ ಹಿಂದೆ ನೆಟ್ಟದ್ದರಲ್ಲಿ ಎಷ್ಟು ಉಳಿದಿದೆ? ತುಂಡು ಎಲ್ಲಿಂದ ಕಿತ್ತಿರಿ? ಎಷ್ಟು ಜಾತಿ? ಸರ್ಕಾರದ ಅನುಮತಿ ಇದೆಯೆ? ಎರಡನೆಯ ಪ್ರಶ್ನೆಗೇ ತಡವರಿಸಿದರೆ ಬಿಡಿ. ನನ್ನ ದುಡ್ಡಾದರೆ, ದೀರ್ಘಕಾಲ ಅಳೆಯುವವರಿಗೆ ಕೊಡುತ್ತೇನೆ. ಅದರಲ್ಲಿ ನಿಮ್ಮ ಹೆಸರಿನ ಫಲಕ ಸಿಗುವುದಿಲ್ಲ, ಫಲಿತಾಂಶ ಹೆಚ್ಚಾಗಿ ಬೇಸರದ ಸುದ್ದಿಯೇ ಆಗಿರುತ್ತದೆ ಎಂಬುದನ್ನೂ ತಿಳಿದು ಕೊಡಿ.

ನೆಟ್ಟದ್ದಾಗಲಿ, ತಾನೇ ಬೆಳೆದದ್ದಾಗಲಿ, ಉಳಿಯುವುದು ಕೊನೆಗೆ ನೀರಿನ ಬಿಸಿಯ ಮೇಲೆ. ಭೂಮಿಯ ತಾಪ 1.5 ಡಿಗ್ರಿ ಏರಿದರೆ ಹವಳದ ದಿಬ್ಬಗಳಲ್ಲಿ ಶೇ. 70ರಿಂದ 90ರಷ್ಟು, 2 ಡಿಗ್ರಿಗೆ ಶೇ. 99ಕ್ಕೂ ಹೆಚ್ಚು ನಶಿಸಬಹುದೆಂದು ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನಿಗಳ ಮಂಡಳಿ 2018ರಲ್ಲೇ ಬರೆಯಿತು. ಆ ಅರ್ಧ ಡಿಗ್ರಿಯೊಳಗೆ ಎಷ್ಟು ಏಡಿ, ಗೋಬಿ, ಹೆಸರಿಡದ ಹುಳು ಇವೆಯೋ. ಸ್ಥಳೀಯವಾಗಿ ಮಾಡಬಹುದಾದದ್ದು ಕೊಳಚೆ ಬಿಡದಿರುವುದು, ಹೂಳೆತ್ತದಿರುವುದು, ಗಿಳಿಮೀನು ಹಿಡಿಯದಿರುವುದು. ಇವು ಬಿಸಿ ತಡೆಯುವುದಿಲ್ಲ, ಬಿಸಿಯ ನಂತರ ಏಳುವ ಶಕ್ತಿ ಕೊಡುತ್ತವೆ.

ಮತ್ತೆ ಹೋಗಬಹುದೆ? ಹೋಗಿ. ಬ್ಲೀಚಿಂಗ್ ನಡೆಯುತ್ತಿರುವ ತಿಂಗಳು ಬೇಡ. ಜ್ವರದವರ ಮನೆಗೆ ನೆಂಟರು ಹೋದಂತಾಗುತ್ತದೆ. ಈಜು ಪಕ್ಕಾ ಇಲ್ಲದವರು ದಣಿದಾಗ ಕಾಲೂರುವುದು ಹವಳದ ಮೇಲೇ, ನಾನು ಕಂಡ ಪ್ರವಾಸಿ ಹಾನಿಯಲ್ಲಿ ಹೆಚ್ಚಿನದು ಇದು. ತೇಲುವ ಜಾಕೆಟ್ ಹಾಕಿಸಿಕೊಳ್ಳಿ, ಮಕ್ಕಳನ್ನು ಮರಳಿನ ಭಾಗದಲ್ಲೇ ಪಳಗಿಸಿ. ದೋಣಿಯವನು ಹವಳದ ಮೇಲೆ ಲಂಗರು ಎಸೆದರೆ ಬೇಡ ಎನ್ನಿ. ಬೈದುಕೊಂಡರೆ ಬೈದುಕೊಳ್ಳಲಿ.

ಹತ್ತಿರದ್ದೇ ಬೇಕೆಂದರೆ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ಇದೆ. ಅಲ್ಲಿರುವುದು ಲಕ್ಷದ್ವೀಪದಂಥ ದಿಬ್ಬವಲ್ಲ, ಬಂಡೆಗಳ ಮೇಲೆ ಅಂಟಿ ಬೆಳೆದ ಹವಳದ ಗುಂಪುಗಳು. ನಮ್ಮ ಕರಾವಳಿಯಲ್ಲಿ ಮಳೆಗಾಲದ ನದಿಗಳು ತರುವ ಸಿಹಿನೀರು, ಕೆಸರು ಹವಳಕ್ಕೆ ದಿಬ್ಬ ಕಟ್ಟಲು ಬಿಡುವುದಿಲ್ಲ. ನೌಕಾಪಡೆ ಒಂದು ಕಾಲದಲ್ಲಿ ಗುರಿ ಅಭ್ಯಾಸ ಮಾಡುತ್ತಿದ್ದ ದ್ವೀಪ ಅದು. ಅಷ್ಟೆಲ್ಲ ತಿಂದೂ ಬದುಕಿದೆ. ಸಣ್ಣದು, ಒಂದೇ ಇರುವುದು. ಆದ್ದರಿಂದ ಅಲ್ಲಿ ಇನ್ನೂ ಹೆಚ್ಚು ಹುಷಾರಾಗಿರಬೇಕು.

ಶೋಕೇಸಿನ ತುಂಡು. ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಅಂದರೆ ಹುಲಿಯ ಸಾಲಿನಲ್ಲಿ. ಸತ್ತದ್ದು, ದಂಡೆಗೆ ಬಿದ್ದಿದ್ದು ಎಂಬುದು ಕಾನೂನಿನಲ್ಲಿ ನೆಪವಾಗುವುದಿಲ್ಲ. ಮೊದಲ ಪಟ್ಟಿಯ ಅಪರಾಧಕ್ಕೆ ಕನಿಷ್ಠ ಮೂರು ವರ್ಷ ಜೈಲಿದೆ. ನಾನು ವಕೀಲನಲ್ಲ. ಹೆದರಿಸಲೆಂದೂ ಹೇಳುತ್ತಿಲ್ಲ. ಆದರೆ ಅದನ್ನು ಶಾಲೆಯ ಪ್ರಯೋಗಾಲಯಕ್ಕೆ ಕೊಡುವುದು, ಯಾರಿಗಾದರೂ ಉಡುಗೊರೆ ಮಾಡುವುದು ಬೇಡ. ಪರಿಚಯದ ವಕೀಲರೊಬ್ಬರನ್ನು ಕೇಳಿಕೊಂಡು ಅರಣ್ಯ ಇಲಾಖೆಗೆ ಬರಹದಲ್ಲಿ ಒಪ್ಪಿಸಿ. ಅಂದಹಾಗೆ, ಕುಜದೋಷಕ್ಕೆ ಉಂಗುರದಲ್ಲಿ ಹಾಕುವ ಕೆಂಪು ಹವಳ ಇದಲ್ಲ. ಅದು ಮೆಡಿಟರೇನಿಯನ್‌ನಂಥ ತಂಪು ಕಡಲಿನ ಮಬ್ಬು ಬೆಳಕಿನಲ್ಲಿ ಬೆಳೆಯುವ ಬೇರೆಯೇ ಜಾತಿ, ಅದರೊಳಗೆ ಪಾಚಿಯೂ ಇರುವುದಿಲ್ಲ. ಈ ಪ್ರಶ್ನೆ ನನಗೆ ಪ್ರತಿ ಭಾಷಣದ ಕೊನೆಗೂ ಬರುವುದರಿಂದ ಮೊದಲೇ ಹೇಳಿಬಿಟ್ಟೆ.

ಒಪ್ಪಿಸುವ ಮೊದಲು ಮಗಳ ಕೈಗೆ ಒಂದು ಭೂತಗನ್ನಡಿ ಕೊಡಿ. ಫೋಟೋದಲ್ಲಿ ಎಡಗಡೆ, ಮುರಿದ ಅಂಚಿನ ಹತ್ತಿರ, ಬೀಗದ ಕೈಯ ತೂತಿನಂಥದ್ದೊಂದು ಕಾಣುತ್ತಿದೆ. ಅದು ಕಲ್ಲು ಕೊರೆಯುವ ಚಿಪ್ಪಿಯ ಬಾಗಿಲು. ಅದರ ಕೆಳಗೆ ಸೂಜಿಮೊನೆಯ ತೂತುಗಳು ಸಾಲಾಗಿವೆ, ಸ್ಪಂಜು ಕೊರೆದವು. ಬಲಗಡೆ ಶ್ಯಾವಿಗೆಯಂತೆ ಸುತ್ತಿಕೊಂಡಿರುವ ಬಿಳಿ ಕೊಳವೆ ಹುಳುವಿನ ಮನೆ. ಇಷ್ಟು ನನಗೆ ಮೊಬೈಲಿನಲ್ಲಿ ಕಂಡದ್ದು. ಅವಳು ಎಣಿಸಿ ಎಷ್ಟಾಯಿತೆಂದು ಬರೆಯಲಿ.